ಮಗ್ಗದ ಓಣಿಯ ತೆರೆದ ಬಾಗಿಲು

ನಮ್ಮೂರಿನಲ್ಲಿ ಯಾವ ಹೆಣ್ಣಿನ ಮೇಲಾದರೂ ಬಲಾತ್ಕಾರ ನಡೆದರೆ ಅವತ್ತಿನಿಂದ ಅವಳ ಮನೆಯ ಮುಂಬಾಗಿಲು ಮುಚ್ಚುವುದಿಲ್ಲ. ಕದ ಎಳೆದರೆ ಚೌಕಟ್ಟಿನ ಹತ್ತಿರದ ತನಕ ಬರುತ್ತದೆ, ಇನ್ನೊಂದು ಗೇಣು ಇದೆ ಅನ್ನುವಾಗ ನಿಂತುಬಿಡುತ್ತದೆ. ಹೆಗಲು ಕೊಟ್ಟು ನೂಕಿದರೂ ಅಷ್ಟೆ, ನಾಲ್ಕು ಗಂಡಾಳು ಸೇರಿ ಒತ್ತಿದರೂ ಅಷ್ಟೆ. ನಮ್ಮಜ್ಜಿಯ ಕಾಲದಲ್ಲೂ ಹೀಗೇ ಇತ್ತು, ಅವರಜ್ಜಿಯ ಕಾಲದಲ್ಲೂ ಹೀಗೇ ಇತ್ತಂತೆ. ಊರು ಅದಕ್ಕೆ ಒಗ್ಗಿಕೊಂಡಿದೆ. ಅಂಥ ಮನೆಯವರು ಒಳಗಿನಿಂದ ದಪ್ಪ ಜಮಖಾನ ಇಳಿಬಿಡುತ್ತಾರೆ, ಒರಳುಕಲ್ಲು ಅಡ್ಡ ಇಡುತ್ತಾರೆ, ಬಡಿಗನನ್ನು ಕರೆಸಿ ಕದದ ಅಂಚು ಹೆರೆಸುತ್ತಾರೆ. "ತಂಪಿಗೆ ಕಟಗಿ ಉಬ್ಬೇತ್ರಿ" ಅನ್ನುತ್ತಾರೆ. ಕಡುಬೇಸಿಗೆಯಲ್ಲೂ ಹಾಗೇ ಅನ್ನುತ್ತಾರೆ. ಕೇಳಿದವರು ಮುಖ ಬೇರೆ ಕಡೆ ತಿರುಗಿಸಿ, "ಹೌದ್ರಿ, ಈಗಿನ ಕಟಗೀನ ಹಂಗ" ಅನ್ನುತ್ತಾರೆ. ಕನ್ಯೆ ನೋಡಲು ಬಂದವರು ಚಪ್ಪಲಿ ಬಿಡುವ ನೆಪದಲ್ಲಿ ಬಾಗಿಲನ್ನೊಮ್ಮೆ ಮುಚ್ಚಿ ನೋಡಿಯೇ ಒಳಗೆ ಕಾಲಿಡುವುದು.

ಮಾಡಿದವನ ಮನೆಯ ಬಾಗಿಲಿಗೆ ಮಾತ್ರ ಏನೂ ಆಗುವುದಿಲ್ಲ. ಅದು ಸಲೀಸಾಗಿ ಮುಚ್ಚುತ್ತದೆ, ಅಗಳಿ ಸರಿಯಾಗಿ ಬೀಳುತ್ತದೆ, ಅವನು ಒಳಗೆ ಗೊರಕೆ ಹೊಡೆಯುತ್ತಾನೆ. ಬುದ್ಧಿ ಬಂದಾಗಿನಿಂದ ನನ್ನ ಹೊಟ್ಟೆ ಉರಿಸಿದ್ದು ಇದೇ.

ನಾನು ಸಾವಂತ್ರಿ. ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ವತ್ಸಲಾಬಾಯಿ ಅಂತ ಒಬ್ಬ ನರ್ಸಮ್ಮ ನೌಕರಿಯಿಂದ ನಿವೃತ್ತಿಯಾದ ಮೇಲೆ 'ಹೊಸ್ತಿಲು' ಅನ್ನುವ ಸಂಘ ಕಟ್ಟಿದರು. ಅಲ್ಲಿಗೆ ಸೇರಿದ ಮೊದಲ ನಾಲ್ಕೈದು ಹೆಂಗಸರಲ್ಲಿ ನಾನೂ ಒಬ್ಬಳು. ನಮ್ಮ ಕೆಲಸ ಹೇಳಲಿಕ್ಕೆ ಸುಲಭ. ಬಾಗಿಲು ಮುಚ್ಚದ ಮನೆ ಎಲ್ಲಿದೆ ಎಂದು ತಿಳಿದರೆ ಹೋಗಿ ಅದರ ಹೊಸ್ತಿಲಲ್ಲಿ ಕೂಡುವುದು. ಬಾಗಿಲು ತೆರೆದ ಮನೆಯಲ್ಲಿ ಯಾರಿಗೆ ನಿದ್ದೆ ಬರುತ್ತದೆ? ನಾವು ಪಾಳಿಯ ಮೇಲೆ ಕಾವಲು ಕೂತರೆ ಒಳಗಿನವರು ಕಣ್ಣು ಮುಚ್ಚಬಹುದು. ಆಸ್ಪತ್ರೆಗೆ ಜೊತೆಗೆ ಹೋಗುವುದು, ಸ್ಟೇಷನ್ನಿಗೆ ಹೋಗುವುದು, ಕೋರ್ಟಿಗೆ ಹೋಗುವುದು. ಶಾಲೆ, ಶೆಡ್ಡು, ಸಂತೆ ಎಲ್ಲೆಂದರಲ್ಲಿ ನಿಂತು ಕಾನೂನು ಏನು ಹೇಳುತ್ತದೆ ಎಂದು ಸಾರುವುದು. ವತ್ಸಲಾಬಾಯಿಯ ಕಟ್ಟಪ್ಪಣೆ ಒಂದೇ: "ಯಾಕ ಹೋಗಿದ್ದಿ, ಏನ್ ಉಟ್ಟಿದ್ದಿ, ಯಾಕ ಒದರಲಿಲ್ಲ, ಈ ಮೂರು ಪ್ರಶ್ನಿ ಯಾರ ಬಾಯಾಗ ಬರ್ತಾವ, ಅವರು ನನ್ನ ಸಂಘದಾಗ ಇರಬಾರದು."

ಒಂದು ವರ್ಷ ಚೈತ್ರದಲ್ಲಿ ಮಗ್ಗದ ಓಣಿಯ ಮಲ್ಲೇಶಪ್ಪನ ಮನೆಯ ಬಾಗಿಲು ಮುಚ್ಚುತ್ತಿಲ್ಲ ಎಂಬ ಸುದ್ದಿ ಬಂತು. ಮಲ್ಲೇಶಪ್ಪ ಸೀರೆ ನೇಯುವವನು, ತಾನಾಯಿತು ತನ್ನ ಲಾಳಿಯಾಯಿತು ಎಂದು ಇದ್ದವನು. ಹೆಂಡತಿ ಕಮಲವ್ವ. ಒಬ್ಬಳೇ ಮಗಳು ಸುಗಂಧಾ, ಇಪ್ಪತ್ತನಾಲ್ಕರ ಹುಡುಗಿ. ಕನ್ನಡ ಎಂ.ಎ. ಮಾಡಿಕೊಂಡು ಚಿದಾನಂದ ಸರ್ ನಡೆಸುತ್ತಿದ್ದ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತ, ತಾನೂ ಸರಕಾರಿ ಪರೀಕ್ಷೆಗೆ ಓದುತ್ತಿದ್ದಳು.

ನಾನು ಹೋದಾಗ ಕಮಲವ್ವ ಒರಳುಕಲ್ಲಿಗೆ ಬೆನ್ನು ಕೊಟ್ಟು ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು.

"ನಿಮ್ಮನ್ನ ಯಾರ್ ಕರದ್ರು? ನಮ್ಮ ಬಾಗಲಕ್ಕ ಏನೂ ಆಗಿಲ್ಲ. ಕಟಗಿ ಉಬ್ಬೇತಿ."

"ಉಬ್ಬಿರಲಿ ಬಿಡ್ರಿ. ನನಗ ಬಿಸಲಿಗೆ ಸಾಕಾಗೇತಿ. ಇಲ್ಲೇ ಸ್ವಲ್ಪ ಕೂಡತೀನಿ."

"ಕೂತು ಏನ್ ಮಾಡ್ತೀರಿ?"

"ಕೂಡತೀನಿ, ಅಷ್ಟ."

ಅವಳು ಬೈದಳು, ನಾನು ಕೂತೆ. ಮರುದಿನವೂ ಹೋದೆ, ಅವಳು ಮತ್ತೆ ಬೈದಳು. ಆಮೇಲೆ ಬೈಯುವುದು ಬಿಟ್ಟು ಒಂದು ಲೋಟ ನೀರು ತಂದಿಟ್ಟಳು. ನಾನು ಜಗಲಿಯಲ್ಲಿ ಕಾಲು ಚಾಚಿ ಕೂತರೆ ಮಲ್ಲೇಶಪ್ಪ ಒಳಗೆ ಮಗ್ಗದ ಪಕ್ಕದಲ್ಲೇ ಮುದುಡಿ ನಿದ್ದೆ ಹೋಗುತ್ತಿದ್ದ. ಪಾಪ, ಎಷ್ಟು ದಿನದ ನಿದ್ದೆಯೋ. ಜಮಖಾನದ ಆಚೆ ಯಾರೋ ನಿಂತು ಉಸಿರಾಡುವುದು ನನಗೆ ಕೇಳುತ್ತಿತ್ತು. ನಾನಾಗಿ ಕರೆಯಲಿಲ್ಲ.

ಒಂದು ಮಧ್ಯಾಹ್ನ ಸುಗಂಧಾ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ತಲೆ ಬಾಚಿರಲಿಲ್ಲ. ಎದುರಿಗಿನ ಯಲ್ಲವ್ವಾಯಿ ತನ್ನ ಕಟ್ಟೆಯ ಮೇಲೆ ಕಡ್ಲಿ ಹಸನು ಮಾಡುತ್ತ ನಮ್ಮನ್ನೇ ನೋಡುತ್ತಿದ್ದಳು. ಸುಗಂಧಾ ಅವಳಿಗೆ ಬೆನ್ನು ಮಾಡಿ ಕೂತು, "ಅಕ್ಕಾ, ನಾ ಹೇಳಿದ್ರ ನೀವು ನಂಬ್ತೀರೇನು?" ಎಂದಳು.

"ನಂಬತೀನಿ."

"ಯಾರಂತ ಕೇಳಿದ ಮ್ಯಾಲೂ?"

"ಯಾರಿದ್ರೂ."

ಅವಳು ಹೆಸರು ಹೇಳಿದಳು. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಚಿದಾನಂದ ಸರ್! ನಮ್ಮೂರಿನಲ್ಲಿ ಆ ಹೆಸರು ಹೇಳುವಾಗ ಜನ ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಳ್ಳುತ್ತಿದ್ದರು. ನೇಕಾರರ ಮಕ್ಕಳನ್ನು ತಲಾಟಿ ಮಾಡಿದವರು, ಪೊಲೀಸು ಮಾಡಿದವರು, ಮಾಸ್ತರು ಮಾಡಿದವರು. ಊರಿನ ಯಾವ ಕಚೇರಿಗೆ ಹೋದರೂ ಕುರ್ಚಿಯ ಮೇಲೆ ಅವರದೊಬ್ಬ ಶಿಷ್ಯ ಕೂತಿರುತ್ತಿದ್ದ. ಭಾನುವಾರ ಹೆಚ್ಚಿನ ಕ್ಲಾಸಿದೆ ಎಂದು ಅವಳನ್ನು ಕರೆಸಿಕೊಂಡಿದ್ದರು. ಹೋದಾಗ ಹುಡುಗರು ಯಾರೂ ಇರಲಿಲ್ಲ. ಮುಂದಿನದನ್ನು ಅವಳು ನನಗೆ ಹೇಳಿದಳು, ನಾನು ಇಲ್ಲಿ ಹೇಳುವುದಿಲ್ಲ. ಅದು ಅವಳದು.

"ಎಲ್ಲಾ ಮುಗದ ಮ್ಯಾಲ ಏನಂದ್ರು ಗೊತ್ತೇನಕ್ಕಾ? 'ನಿನ್ನ ಪರೀಕ್ಷಾದ ಕಾಳಜಿ ನನಗ ಬಿಡು' ಅಂದ್ರು. ನಾ ಮನಿಗೆ ಬಂದು ಬಾಗಲಾ ಎಳದೆ. ನಿಂತುಬಿಡ್ತು. ಅವ್ವ ನನ್ನ ಮಾರಿ ನೋಡ್ಲಿಲ್ಲ, ಬಾಗಲಾ ನೋಡಿದ್ಲು."

"ನಿಂದೇನೂ ತಪ್ಪಿಲ್ಲ ತಂಗಿ," ಎಂದೆ. "ಮುಂದ ಏನ್ ಮಾಡಬೇಕನ್ನೂದು ನಿನಗ ಬಿಟ್ಟದ್ದು. ನೀ ಏನ್ ಅಂತೀಯೋ ಅದಕ್ಕ ನಾವು ಬೆನ್ನಿಗಿರ್ತೀವಿ. ಏನೂ ಬ್ಯಾಡ ಅಂದ್ರೂ ಬೆನ್ನಿಗಿರ್ತೀವಿ."

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ, "ಕೇಸ್ ಮಾಡೂದು. ನಾಳೇನ" ಎಂದಳು.

ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರಿದ್ದರು. ಸ್ಟೇಷನ್ನಿನ ಚೀಟಿ ತಂದಿದ್ದೀರಾ ಎಂದು ಕೇಳದೆ ಒಳಗೆ ಕರೆದರು, ಒಂದೊಂದು ಸಲ ಮುಟ್ಟುವ ಮೊದಲೂ "ಮುಟ್ಟಲೇನಮ್ಮ?" ಎಂದು ಕೇಳಿದರು. ಅಷ್ಟು ಮರ್ಯಾದೆಗೇ ಸುಗಂಧಾಳ ಕಣ್ಣಲ್ಲಿ ಮೊದಲ ಸಲ ನೀರು ಬಂತು. ಆ ನೀರು ಆರುವ ಮೊದಲೇ ನಾವು ಸ್ಟೇಷನ್ನಿನಲ್ಲಿದ್ದೆವು.

ಅಲ್ಲಿನ ಸಾಹೇಬ ಚಿದಾನಂದ ಸರ್ ಹತ್ತಿರ ಓದಿ ಬಂದವನೇ. ಮೇಜಿನ ಗಾಜಿನ ಕೆಳಗೆ ಅವರ ಜೊತೆ ತೆಗೆಸಿಕೊಂಡ ಫೋಟೋ ಇತ್ತು. ಹೆಸರು ಕೇಳಿದೊಡನೆ ಪೆನ್ನಿನ ಮುಚ್ಚಳ ಹಾಕಿದ.

"ಮೊದಲ ಬಾಗಲದ ಪಂಚನಾಮಿ ಆಗಬೇಕು. ಮುಚ್ಚತೈತೋ ಇಲ್ಲೋ ನಮ್ಮ ಮಂದಿ ಹೋಗಿ ನೋಡಿಕೊಂಡ್ ಬರ್ತಾರ."

"ಮುಚ್ಚೂದಿಲ್ರಿ," ಎಂದಳು ಸುಗಂಧಾ.

"ಹಿಂದ ಎಂದರ ಹಿಂಗ ತಗದಿತ್ತೇನು? ಕದಾ ಸಡಲ ಐತೇನು? ಸಡಲ ಇದ್ದದ್ದಾದ್ರ ಅದು ಬ್ಯಾರೆ ಮಾತು. ಎಲ್ಲಾ ಬರೀಬೇಕಾಗ್ತದ ನೋಡು."

ಆ ಸ್ಟೇಷನ್ನಿನಲ್ಲಿ ಅದೊಂದು ಹಳೇ ಪದ್ಧತಿ. ಪೇದೆಗಳು ಓಣಿಯ ನಡುವೆ ಬೂಟುಗಾಲಲ್ಲಿ ಬಂದು, ಊರೆಲ್ಲ ನೋಡುತ್ತಿರುವಾಗ ಕದ ಹಿಡಿದು ಎಳೆಯುವುದು, ನೂಕಿ ನೋಡುವುದು, ಸಂದಿನಲ್ಲಿ ಬೆರಳಿಟ್ಟು ಎಷ್ಟು ಸಡಲ ಇದೆ ಎಂದು ಬರೆದುಕೊಳ್ಳುವುದು. ಎಷ್ಟೋ ಮಂದಿ ಈ ಮಾತು ಕೇಳಿಯೇ ದೂರು ಬೇಡವೆಂದು ಎದ್ದು ಹೋಗಿದ್ದಾರೆ. ಅದರ ಉದ್ದೇಶವೂ ಅದೇ.

ನಮ್ಮ ಜೊತೆ ಬಂದಿದ್ದ ವತ್ಸಲಾಬಾಯಿ ಆತನಕ ಕನ್ನಡಕ ಒರೆಸುತ್ತ ಕೂತಿದ್ದರು. ಕನ್ನಡಕ ಏರಿಸಿ, ದನಿ ಏರಿಸದೆ ಹೇಳಿದರು: "ಸಾಹೇಬ್ರ, ನೀವು ಕೇಸ್ ಬಾಗಲದ ಮ್ಯಾಲ ಹಾಕಾವ್ರೋ, ಮನಶ್ಯಾನ ಮ್ಯಾಲೋ? ಬಾಗಲಾ ಜಗ್ಗಿ ನೋಡಬಾರದಂತ ಮ್ಯಾಲಿನ ಕೋರ್ಟು ಹೇಳಿ ವರ್ಷಗಟ್ಟಲೆ ಆತು. ಹುಡುಗಿ ಬಾಯಿಬಿಟ್ಟು ಹೇಳಾಕತ್ತಾಳ, ಬರಕೋರಿ. ಬರಕೊಳ್ಳಲಿಲ್ಲಂದ್ರ ನಿಮ್ಮ ಮ್ಯಾಲೂ ಒಂದು ಕಲಂ ಬೀಳ್ತದ. ಯಾವುದಂತ ಹೇಳ್ಲೇನು?"

"ಬಾಯಾರ, ನೀವು ಸಿಟ್ಟಿಗೇಳಬ್ಯಾಡ್ರಿ. ಅಂಥಾ ದೊಡ್ಡ ಮನಶ್ಯಾ..."

"ದೊಡ್ಡ ಮನಶ್ಯಾನ ಹೆಸರು ಬರ್ಯಾಕ ದೊಡ್ಡ ಪೆನ್ನ ಬೇಕೇನು? ನಂದ ತಗೋರಿ."

ಅವನು ಬರೆದುಕೊಂಡ. ಹೊತ್ತು ಮುಳುಗುವ ತನಕ ಕೂಡಿಸಿ, ಒಂದೇ ಮಾತನ್ನು ನಾಲ್ಕು ಸಲ ಹೇಳಿಸಿ ಬರೆದುಕೊಂಡ. ಸುಗಂಧಾ ನಾಲ್ಕು ಸಲವೂ ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಹಲ್ಲು ಕಚ್ಚಿ ಕೂತಿದ್ದೆ. ಕಾಲು ಕಳೆದುಕೊಂಡವನನ್ನು ಯಾರಾದರೂ "ನಿನ್ನ ಕಾಲು ಮೊದಲೇ ಸಡಲ ಇತ್ತೇನು" ಎಂದು ಕೇಳುತ್ತಾರೆಯೇ?

ಸುದ್ದಿ ಹರಡಲು ತಡವಾಗಲಿಲ್ಲ. ಆದರೆ ಎಂಥಾ ಸುದ್ದಿ! ಚಿದಾನಂದ ಸರ್ ಹೀಗೆ ಮಾಡಿದರಂತೆ ಎಂದು ಒಬ್ಬರೂ ಅನ್ನಲಿಲ್ಲ. ಮಲ್ಲೇಶಪ್ಪನ ಮಗಳು ಸರ್ ಮೇಲೆ ಕೇಸು ಹಾಕಿದಳಂತೆ ಎಂದರು. ನೂಲಿನ ಅಂಗಡಿಯವನು ಮಲ್ಲೇಶಪ್ಪನಿಗೆ ನೂಲು ಕೊಡುವುದು ನಿಲ್ಲಿಸಿದ. ಕ್ಲಾಸಿನ ಹುಡುಗರು ಓಣಿಯ ಬಾಯಲ್ಲಿ ನಿಂತು ಸೀಟಿ ಹಾಕಿದರು. ನಮ್ಮ ಸಂಘದ ಗೋಡೆಗೆ ಯಾರೋ ಸಗಣಿ ಬಳಿದು ಹೋದರು. ವತ್ಸಲಾಬಾಯಿ ಅದನ್ನು ಕೆರೆದು ಒಲೆಗೆ ಕುಳ್ಳು ತಟ್ಟಿಸಿದರು, ಅದು ಬೇರೆ ಮಾತು.

ಹತ್ತೆಂಟು ದಿನ ಕಳೆದ ಮೇಲೆ ಊರಿನ ಹಿರಿಯರು ಬಂದರು. ಮುಂದೆ ಗುರುಪಾದಪ್ಪ, ನೇಕಾರ ಸಂಘದ ಅಧ್ಯಕ್ಷ. ಹಿಂದೆ ಎತ್ತಿನ ಬಂಡಿ, ಬಂಡಿಯಲ್ಲಿ ಹೊಚ್ಚಹೊಸ ಸಾಗವಾನಿ ಬಾಗಿಲು, ಚೌಕಟ್ಟಿನ ಸಮೇತ. ಕದದ ಮೇಲೆ ಬಳ್ಳಿ, ಹೂವು, ಜೋಡಿ ನವಿಲು ಕೆತ್ತಿದ್ದರು. ಬಡಿಗ ಬಂಡಿಯಿಂದ ಇಳಿಸಿ ಮಲ್ಲೇಶಪ್ಪನ ಗೋಡೆಗೆ ಆನಿಸಿ ನಿಲ್ಲಿಸಿದ. ಓಣಿಯ ಜನ ಎಲ್ಲ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಮಗ್ಗದ ಸಪ್ಪಳ ನಿಂತರೆ ಆ ಓಣಿಯಲ್ಲಿ ಕಿವಿ ಗುಂಯ್ ಅನ್ನುತ್ತದೆ.

"ಮಲ್ಲೇಶಪ್ಪಾ," ಎಂದ ಗುರುಪಾದಪ್ಪ, ಗಂಟಲಲ್ಲಿ ಬೆಲ್ಲ ಇಟ್ಟುಕೊಂಡವನ ಹಾಗೆ, "ಆದದ್ದು ಆಗಿ ಹೋತು. ಸರ್ ಏನ್ ಬ್ಯಾರೆದವರಲ್ಲ, ನಮ್ಮವರು. ಹಳೀ ಬಾಗಲಾ ಕಿತ್ತು ಇದನ್ನ ಕುಂದರಸೂಣು. ಹೊಸಾದು ಮುಚ್ಚತೈತೋ ಇಲ್ಲೋ, ಹೊರಗಿಂದ ನೋಡಾಕರ ಚೆಂದ ಕಾಣತೈತಿ. ಹುಡುಗಿ ಕೇಸ್ ವಾಪಸ್ ತಗೊಳ್ಳಲಿ. ಒಂದು ಒಳ್ಳೇ ಕಡೆ ಲಗ್ನಾ ನಾವ ಮಾಡಿಕೊಡ್ತೀವಿ."

ಮಲ್ಲೇಶಪ್ಪ ನವಿಲಿನ ಮೇಲೆ ಬೆರಳಾಡಿಸಿದ. ಅವನ ಕಣ್ಣಲ್ಲಿ ಆಸೆ ಹಣಿಕಿತು. ಬೈಯಬೇಡಿ ಅವನನ್ನು, ತಿಂಗಳಿಂದ ಮಗ್ಗದ ಪಕ್ಕ ಕುಕ್ಕುರುಗಾಲಲ್ಲಿ ನಿದ್ದೆ ಮಾಡಿದ ಮನುಷ್ಯ. ಅವನು ಹೆಂಡತಿಯ ಕಡೆ ನೋಡಿದ. ಕಮಲವ್ವ ಮೊದಲಿನಿಂದಲೂ "ಬ್ಯಾಡ ಯವ್ವಾ, ಮುಚ್ಚಿ ಹಾಕೂಣು" ಎಂದು ಮಗಳ ಕಾಲು ಹಿಡಿದವಳು. ಅವಳು ಹೂಂ ಅಂದರೆ ಮುಗಿಯಿತು.

ಕಮಲವ್ವ ಒರಳುಕಲ್ಲು ಬಿಟ್ಟು ಎದ್ದಳು. ಹೊಸ ಬಾಗಿಲಿನ ಮುಂದೆ ಹೋಗಿ ನಿಂತು ಅದನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಮ್ಮಪ್ಪಾನೂ ಒಂದು ತಂದಿದ್ದ," ಎಂದಳು.

ಯಾರಿಗೂ ತಿಳಿಯಲಿಲ್ಲ.

"ನನ್ನ ತವರುಮನಿ ಬಾಗಲಾ. ನನ್ನ ಲಗ್ನಕ್ಕ ಮೊದಲ. ಹಳೀದನ್ನ ಹೆರಸಿ ಹೆರಸಿ ಹಪ್ಪಳಾ ಮಾಡಿದ್ದ. ಮುಚ್ಚಲಿಲ್ಲ. ಹೊಸಾದು ತಂದ. ಅದೂ ಮುಚ್ಚಲಿಲ್ಲ. ಕಡೀಕ ದೂರದ ಊರವರನ್ನ ಹುಡುಕಿ, ಅವರಿಗೇನೂ ತಿಳೀದಂಗ ನನ್ನ ಕೊಟ್ಟು ಕೈ ತೊಳಕೊಂಡ. ಬಾಗಲಕ್ಕ ದಿನಾ ಎಣ್ಣಿ ಹಾಕಿದ್ರು ಗುರುಪಾದಣ್ಣಾ. ನನ್ನ ತಲೀಗೆ ಒಂದ್ ಹನಿ ಹಚ್ಚಲಿಲ್ಲ. ಕಮಲೀ, ನಿನಗೇನಾತವಾ ಅಂತ ಒಬ್ಬರು ಕೇಳಲಿಲ್ಲ. ಇವತ್ತಿಗೂ ಯಾರೂ ಕೇಳಿಲ್ಲ. ಈಗ ನನ್ನ ಮಗಳಿಗೆ ಬಾಗಲಾ ತಂದೀರಿ? ನವಿಲಿನ ಬಾಗಲಾ?"

ಮಾತು ಮುಗಿಯುವುದರೊಳಗೆ ಎರಡೂ ಕೈಯಿಂದ ಕದವನ್ನು ನೂಕಿಬಿಟ್ಟಳು. ಅಷ್ಟು ಭಾರದ ಸಾಗವಾನಿ ಬಂಡಿಯ ಗಾಲಿಗೆ ಬಡಿದು ಓಣಿಯ ನಡುವೆ ದಢಾರನೆ ಮಲಗಿತು. ಎತ್ತು ಬೆದರಿದವು. ಮಲ್ಲೇಶಪ್ಪ ಹೆಂಡತಿಯನ್ನು ಇದೇ ಮೊದಲ ಸಲ ನೋಡುವವನಂತೆ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಬಂದು ಅವಳ ಪಕ್ಕದಲ್ಲಿ ನಿಂತುಕೊಂಡ. ಅವನು ನಿಂತದ್ದು ಎಲ್ಲಿ ಎಂಬುದೇ ಎಲ್ಲರಿಗೂ ಕಂಡಿತು.

ಒಳಗಿನಿಂದ ಸುಗಂಧಾ ಬಂದು ಅವ್ವನನ್ನು ತಬ್ಬಿಕೊಂಡಳು. "ನನಗ ಯಾಕ ಹೇಳಲಿಲ್ಲ?" ಎಂದಳು. "ಹೇಳಾಕ ಬಾಯಿ ಎಲ್ಲಿತ್ತ ನನಗ," ಎಂದಳು ಕಮಲವ್ವ.

ಗುರುಪಾದಪ್ಪ ಏನೋ ಹೇಳಲು ಹೊರಟಿದ್ದ. ಅಷ್ಟರಲ್ಲಿ ಎದುರುಮನೆಯ ಯಲ್ಲವ್ವಾಯಿ ಕಡ್ಲಿಯ ಮೊರ ಕೆಳಗಿಟ್ಟಳು. ಮಾತಿನ ಮನುಷ್ಯಳಲ್ಲ ಅವಳು. ತನ್ನ ಮನೆಯ ಎರಡೂ ಕದ ಹಾರಹೊಡೆದು, ಒಂದಕ್ಕೆ ರುಬ್ಬುಗುಂಡು, ಇನ್ನೊಂದಕ್ಕೆ ನೀರು ತುಂಬಿದ ಕೊಡ ಒತ್ತು ಕೊಟ್ಟು ನಿಲ್ಲಿಸಿದಳು.

"ಇನ್ನ ಇದನ್ನ ಮುಚ್ಚೂದಿಲ್ಲ," ಎಂದಳು ಹಿರಿಯರಿಗೆ. "ಯಾವ ಮನೀದು ತಾನ ತಗದೈತಿ, ಯಾವ ಮನೀದು ನಾವ ತಗದೀವಿ, ಹೊರಗ ನಿಂತು ಎಣಿಸಿಕೋತ ಕೂಡ್ರಿ."

ಅವಳ ಮಗ್ಗುಲ ಮನೆಯ ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ತಾನೇ ಹೋಗಿ ಅಗಳಿ ತೆಗೆದಳು. ಆಮೇಲೆ ಕೆಳಗಿನ ಮನೆ, ಅದರಾಚೆಯದು. ಓಣಿಯೆಲ್ಲ ತೆರೆಯಿತು ಎಂದರೆ ಸುಳ್ಳಾಗುತ್ತದೆ. ಕೆಲವರು ಒಳಗೆ ಹೋಗಿ ಇನ್ನೂ ಬಿಗಿಯಾಗಿ ಹಾಕಿಕೊಂಡರು. ಅರ್ಧಕ್ಕಿಂತ ಹೆಚ್ಚು ತೆರೆದಿದ್ದವು, ಅಷ್ಟು ಸಾಕಿತ್ತು. ಹಾಗೆ ತೆರೆದಿಟ್ಟ ಮನೆಗಳಿಗೆ ನಾಯಿ ನುಗ್ಗಿ ರೊಟ್ಟಿ ಬುಟ್ಟಿ ಖಾಲಿ ಮಾಡಿದವು, ಒಬ್ಬರ ಕೋಳಿ ಇನ್ನೊಬ್ಬರ ದೇವರ ಮಾಡಿನಲ್ಲಿ ತತ್ತಿ ಇಟ್ಟಿತು, ಜಗಳಗಳೂ ಆದವು. ಆದರೆ ಸೀಟಿ ಹಾಕಲು ಬಂದ ಹುಡುಗರಿಗೆ ಯಾವ ಮನೆಯ ಮುಂದೆ ನಿಲ್ಲಬೇಕು ಎಂದು ತಿಳಿಯದೆ ಹೋಯಿತು. ತಿಳಿದವರನ್ನು ಯಲ್ಲವ್ವಾಯಿ ಕೊಡದ ನೀರಿನಿಂದ ತೋಯಿಸಿದಳು. ಬಿದ್ದ ನವಿಲಿನ ಬಾಗಿಲನ್ನು ಬಡಿಗ ಮರುದಿನ ಒಯ್ದ.

ಅದಾದ ಮೇಲೆ ಇಬ್ಬರು ಬಂದರು. ಇಬ್ಬರೂ ಚಿದಾನಂದನ ಹತ್ತಿರ ಹಿಂದೆ ಓದಿದವರು, ಈಗ ಮದುವೆಯಾಗಿ ಬೇರೆ ಬೇರೆ ಓಣಿಯಲ್ಲಿದ್ದವರು. ಒಬ್ಬಳು ಗಂಡನ ಜೊತೆ ಬಂದಳು, ಇನ್ನೊಬ್ಬಳು ಗಂಡನಿಗೆ ಹೇಳದೆ. ನಮಗೂ ಇದನ್ನೇ ಮಾಡಿದ್ದಾನೆ, ಸಾಕ್ಷಿ ಹೇಳುತ್ತೇವೆ ಎಂದರು. ಆಮೇಲೆ ಪೊಲೀಸರು ಚಿದಾನಂದನನ್ನು ಹಿಡಿದರು. ಮೂರು ವಾರದಲ್ಲಿ ಜಾಮೀನು ಸಿಕ್ಕಿತು, ಶಿಷ್ಯರು ಜೈಲಿನ ಬಾಗಿಲಲ್ಲಿ ಹಾರ ಹಾಕಿ ಕರೆತಂದರು. ಆ ಮೆರವಣಿಗೆಯನ್ನು ನಾನು ನೋಡಿದ್ದೇನೆ. ಹಾರ ಹಾಕಿದವರಲ್ಲಿ ಹೆಣ್ಣುಮಕ್ಕಳ ತಂದೆಯರೂ ಇದ್ದರು. ಅವರ ಮುಖ ನಾನು ಮರೆಯುವುದಿಲ್ಲ, ಅವರು ಮರೆತರೂ.

ಕೇಸು ಎರಡು ವರ್ಷ ನಡೆಯಿತು. ಸಾಕ್ಷಿಯ ದಿನ ಕೋರ್ಟಿನ ಕೋಣೆಯಿಂದ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಹಾಕಿದರು. ಕಮಲವ್ವ, ವತ್ಸಲಾಬಾಯಿ, ನಾನು ಪಡಸಾಲೆಯ ಬೆಂಚಿನ ಮೇಲೆ ಕೂತೆವು. ತಂದ ಚುರುಮುರಿ ಪೊಟ್ಟಣದಲ್ಲೇ ಮೆತ್ತಗಾಯಿತು. ಸುಗಂಧಾ ಹೊರಗೆ ಬಂದಾಗ ಬೆವರಿನಲ್ಲಿ ತೊಯ್ದಿದ್ದಳು. ಚಿದಾನಂದನ ವಕೀಲ ಅವಳನ್ನು ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನ ಹಾಗೆ ತಿರುಗಿಸಿದನಂತೆ: ಅಷ್ಟು ದಿನ ಯಾಕೆ ಸುಮ್ಮನಿದ್ದೆ, ಅಷ್ಟು ದಿನ ಯಾಕೆ ಸುಮ್ಮನಿದ್ದೆ. "ಕಡೀಕ ನಾನ ಕೇಳಿದೆ ಅಕ್ಕಾ," ಎಂದಳು. "ಬಾಗಲಾ ಎಲ್ಲರಿಗೂ ಕಾಣತಿತ್ತಲ್ಲ, ನೀವೆಲ್ಲ ಅಷ್ಟು ದಿನಾ ಯಾಕ ಸುಮ್ಮನಿದ್ರಿ? ಅಂದೆ. ನಿನಗ ಪ್ರಶ್ನಿ ಕೇಳೂ ಅಧಿಕಾರ ಇಲ್ಲ ಅಂದ ವಕೀಲ. ಜಡ್ಜಮ್ಮ ಮಾತ್ರ, ಅದನ್ನೂ ಬರಕೋರಿ ಅಂದ್ರು."

ಹತ್ತು ವರ್ಷದ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿದ್ದಾನೆ, ಹೋಗಲಿ. ಈಗಂತೂ ಒಳಗಿದ್ದಾನೆ. ಸುಗಂಧಾಳ ಮನೆಯ ಬಾಗಿಲು ಮುಚ್ಚುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರೂ ಎಳೆದು ನೋಡಿಲ್ಲ.

ಊರು ಬದಲಾಯಿತು ಎಂದು ನೀವು ತಿಳಿಯಬಾರದು. ತೀರ್ಪು ಬಂದ ಕೆಲವು ತಿಂಗಳಿಗೆ ಯಲ್ಲವ್ವಾಯಿಯ ಮೊಮ್ಮಗಳ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಸುಗಂಧಾ ನನ್ನ ಪಕ್ಕದಲ್ಲಿ ಕೂತಿದ್ದಳು. ಎದುರು ಸಾಲಿನಲ್ಲಿ ಗುರುಪಾದಪ್ಪ. ಎರಡನೆಯ ಹೋಳಿಗೆ ಎಲೆಗೆ ಬೀಳುವ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ.

"ಏನ್ ಅಂದ್ರೂ ತಂಗಿ," ಎಂದ, ಪಂಕ್ತಿಗೆಲ್ಲ ಕೇಳುವ ಹಾಗೆ, "ನಿನ್ನಿಂದ ಊರಿನ ಕ್ಲಾಸ್ ಬಂದ್ ಆತು. ಈ ವರ್ಷ ನಮ್ಮ ಹುಡುಗರಿಗೆ ಒಂದೂ ನೌಕರಿ ಹತ್ತಲಿಲ್ಲ."

ನನ್ನ ಕೈಯಲ್ಲಿ ಸಾರಿನ ವಾಟಿ ಇತ್ತು. ಅವನ ಮುಖಕ್ಕೆ ಎರಚುವವಳೇ ಇದ್ದೆ. ಸುಗಂಧಾ ನನ್ನ ಮಣಿಕಟ್ಟು ಹಿಡಿದಳು.

"ಕಾಕಾ, ವಾಕ್ಯ ತಪ್ಪೈತಿ," ಎಂದಳು.

"ಏನಂದಿ?"

"ಕರ್ತೃ ತಪ್ಪೈತಿ. ಕೆಲಸಾ ಮಾಡಿದಾವ ಯಾವನೋ ಅವನ ಹೆಸರು ಬರಬೇಕು. ನಿಮ್ಮ ವಾಕ್ಯದಾಗ ನಾ ಬಂದೀನಿ. ಇನ್ನೊಮ್ಮೆ ಹೇಳ್ರಿ."

ಬಡಿಸುವವರು ಬಕೆಟ್ಟು ಹಿಡಿದುಕೊಂಡು ನಿಂತಲ್ಲೇ ನಿಂತರು. ಗುರುಪಾದಪ್ಪ ನಕ್ಕು ಹಾರಿಸಲು ನೋಡಿದ, ಜೊತೆಗೆ ನಗುವವರು ಸಿಗಲಿಲ್ಲ. ಅವಳು ಊಟ ಬಿಟ್ಟು ನೇರ ಅವನನ್ನೇ ನೋಡುತ್ತಿದ್ದಳು, ಕ್ಲಾಸಿನಲ್ಲಿ ಉತ್ತರಕ್ಕೆ ಕಾಯುವವಳ ಹಾಗೆ.

"ಅದ... ಆದದ್ದರಿಂದ ಕ್ಲಾಸ್ ಬಂದ್ ಆತು," ಎಂದ.

"ಆದದ್ದಲ್ಲ ಕಾಕಾ, ಮಾಡಿದ್ದು. ಯಾರು ಮಾಡಿದ್ದು?"

ನಮ್ಮ ಪಂಕ್ತಿಯ ತುದಿಯಿಂದ ಗುರುಪಾದಪ್ಪನ ಹೆಂಡತಿಯ ದನಿ ಬಂತು: "ಹೇಳ್ರಲಾ! ಬಾಯಾಗ ಕಡುಬು ತುರಕೊಂಡೀರೇನು?"

ಅವನು ಎಲೆಯ ಮೇಲಿನ ಹೋಳಿಗೆಯನ್ನು ನೋಡಿದ.

"ಚಿದಾನಂದ ಸರ್..." ಎಂದ. ಮತ್ತೆ ಮೊದಲಿನಿಂದ ಶುರು ಮಾಡಿದ. "ಚಿದಾನಂದ ಮಾಡಿದ ಹಲ್ಕಾ ಕೆಲಸದಿಂದ ಕ್ಲಾಸ್ ಬಂದ್ ಆತು."

"ಹಾಂ. ಈಗ ಸರಿ ಆತು," ಎಂದಳು ಸುಗಂಧಾ. ಬಡಿಸುವವನ ಕಡೆ ತಿರುಗಿ, "ಅಣ್ಣಾ, ಇತ್ತಕಡೆ ಇನ್ನೊಂದು ಹೋಳಗಿ ಹಾಕ್ರಿ. ತುಪ್ಪದ ಕೈ ಸ್ವಲ್ಪ ಜೋರ ಇರ್ಲಿ," ಎಂದು ಎಲೆ ಮುಂದೆ ಮಾಡಿದಳು.